ಎನ್35, ಎನ್52 ನಿಯೋಡಿಮಿಯಂ ಮ್ಯಾಗ್ನೆಟ್ ಬಗ್ಗೆ ನನ್ನ ಅನುಭವ

ಮಗಳ ಸೈನ್ಸ್ ಪ್ರಾಜೆಕ್ಟ್‌ಗೆ ಅಂತ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಎರಡೂ ಗ್ರೇಡಿನ 10 ಎಂಎಂ ಬಿಲ್ಲೆಗಳನ್ನ ತಗೊಂಡೆ, ಅಂಗಡಿಯವ್ರು 52 ಅಂದ್ರೆ 52 ಕೆಜಿ ಎತ್ತತ್ತೆ ಅಂದ್ರು, ದಯವಿಟ್ಟು ಅದನ್ನ ನಂಬ್ಬೇಡಿ. ಆ ನಂಬರ್ ಮ್ಯಾಕ್ಸಿಮಮ್ ಎನರ್ಜಿ ಪ್ರಾಡಕ್ಟ್, ಅಂದ್ರೆ ಆ ಮೆಟೀರಿಯಲ್ಲಿನ ಒಂದಿಷ್ಟು ಜಾಗದಲ್ಲಿ ಎಷ್ಟು ಕಾಂತಶಕ್ತಿ ತುಂಬಿಡಬಹುದು ಅನ್ನೋ ಅಳತೆ, ಯೂನಿಟ್ಟು ಮೆಗಾ ಗಾಸ್ ಅರ್ಸ್ಟೆಡ್. ಮಾಮೂಲಿ ಕಪ್ಪು ಫೆರೈಟ್ ಮ್ಯಾಗ್ನೆಟ್‌ಗೆ ಅದು 3-4ರ ಆಸುಪಾಸು ಇರತ್ತೆ, ಈಗ ಗೊತ್ತಾಯ್ತಲ್ಲ ವ್ಯತ್ಯಾಸ! ಎಷ್ಟು ತೂಕ ಹಿಡಿಯತ್ತೆ ಅನ್ನೋದು ಸೈಜು, ದಪ್ಪ, ಅಂಟಿಸೋ ಕಬ್ಬಿಣದ ಮೇಲೂ ಹೋಗತ್ತೆ. ಒಂದೇ ಸೈಜಲ್ಲಿ ಎನ್52 ಹೆಚ್ಚುಕಮ್ಮಿ ಒಂದೂವರೆ ಪಟ್ಟು ಜೋರು.

ತಾಮ್ರದ ಪೈಪೊಳಗೆ ನಾಲ್ಕೈದು ಜೋಡಿಸಿ ಬಿಟ್ರೆ ಎಷ್ಟು ನಿಧಾನಕ್ಕೆ ಇಳಿಯತ್ತೆ ಗೊತ್ತಾ, ಪೈಪಲ್ಲಿ ಹುಟ್ಟೋ ಎಡ್ಡಿ ಕರೆಂಟ್, ಅಂದ್ರೆ ಸುಳಿ ಥರ ಸುತ್ತೋ ವಿದ್ಯುತ್, ಅದನ್ನ ತಡೆಯತ್ತೆ, ಮಗಳಂತೂ ಇಪ್ಪತ್ತು ಸಲ ಬಿಟ್ಟು ನೋಡಿದ್ಲು.

ಒಂದು ಮಾತ್ರ ಹಾಳಾಯ್ತು. ಬಿಲ್ಲೆಗೇ ವೈರ್ ಬೆಸುಗೆ ಹಾಕಿದೆ, ತಣ್ಣಗಾದ್ಮೇಲೆ ಪಿನ್ನೂ ಸರಿಯಾಗಿ ಎತ್ತಲಿಲ್ಲ. ಬರೀ ಎನ್ ಗ್ರೇಡ್ ಸಾಮಾನ್ಯವಾಗಿ 80 ಡಿಗ್ರಿ ತನಕ ಅಷ್ಟೆ, ಬಿಸಿ ಜಾಗಕ್ಕೆ ಬೇಕಂದ್ರೆ ನಂಬರ್ ಆದ್ಮೇಲೆ ಎಚ್ ಇರೋದು ಕೇಳಿ, ಅದು 120ರವರೆಗೂ ಬರತ್ತೆ.

ಪ್ರಾಜೆಕ್ಟ್‌ಗೆ ಎನ್35 ಧಾರಾಳ ಸಾಕು. ಸಣ್ಣ ಮಕ್ಕಳಿರೋ ಮನೇಲಿ ಮಾತ್ರ ಬೀಗ ಹಾಕಿಡಿ, ಎರಡು ನುಂಗಿದ್ರೆ ಕರುಳನ್ನ ಮಧ್ಯ ಸಿಕ್ಕಿಸ್ಕೊಂಡು ಅಂಟ್ಕೊಳತ್ವೆ, ಜೀವಕ್ಕೇ ಅಪಾಯ.