ಗೆದ್ದರೂ ಸಮಾಧಾನವಿಲ್ಲದ ರಾತ್ರಿಗೆ ಯಾವ ಆ್ಯಪ್? ಫಾಟ್‌ಮಾಬ್, ಸೋಫಾಸ್ಕೋರ್ ವಿಮರ್ಶೆ

ತಂಡ 3-0 ಗೆದ್ದರೆ ಅಂಕಿಅಂಶ ಯಾರಿಗೂ ಬೇಕಿಲ್ಲ. ಸೋತರೆ ಫೋನ್ ಮಗುಚಿಟ್ಟು ಮಲಗುವುದೇ ವಾಸಿ. ಆಡಿದ್ದು ಸಪ್ಪೆ, ಗೆದ್ದಿದ್ದು 1-0, ಕೊನೆಯ ಹತ್ತು ನಿಮಿಷ ಉಸಿರು ಬಿಗಿಹಿಡಿದು ಕೂತಿದ್ದು, ಇಂಥ ರಾತ್ರಿಯೇ ಫುಟ್‌ಬಾಲ್ ಆ್ಯಪ್‌ಗಳಿಗೆ ಸುಗ್ಗಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಬಣ ‘ಮೂರು ಪಾಯಿಂಟ್ ಬಂತಲ್ಲ, ಬಿಡಿ’ ಅನ್ನುತ್ತದೆ. ಇನ್ನೊಂದು ‘ಹೀಗೇ ಆಡಿದ್ರೆ ಮುಂದಿನ ಮ್ಯಾಚ್ ಗೋತಾ’ ಅನ್ನುತ್ತದೆ. ಇಬ್ಬರೂ ಹಾಕುವ ಸ್ಕ್ರೀನ್‌ಶಾಟ್ ಒಂದೇ ಆ್ಯಪಿನದು. ಹಾಗಾಗಿ ಈ ವಿಮರ್ಶೆಯಲ್ಲಿ ನೋಡುವುದು ಒಂದೇ: ಸೊರಗಿದ ಗೆಲುವೊಂದರ ನಿಜ ಬಣ್ಣವನ್ನು ಈ ಆ್ಯಪ್‌ಗಳು ಎಷ್ಟರಮಟ್ಟಿಗೆ ತೋರಿಸುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ.

ಪರೀಕ್ಷೆಗೆ 2024ರ ಯೂರೋ ಕಪ್‌ನಲ್ಲಿ (ಯೂರೋಪಿನ ದೇಶಗಳ ಟೂರ್ನಿ) ಆಡಿದ ಇಂಗ್ಲೆಂಡ್ ತಂಡಕ್ಕಿಂತ ಒಳ್ಳೆಯ ಸರಕು ಸಿಗಲಾರದು. ಜೂನ್ 16ರಂದು ಗೆಲ್ಸೆನ್‌ಕಿರ್ಚೆನ್‌ನಲ್ಲಿ ಸರ್ಬಿಯಾ ವಿರುದ್ಧ 1-0. ಸಾಕಾ ಹಾಕಿದ ಕ್ರಾಸ್ ಎದುರಾಳಿಗೆ ತಾಗಿ ಮೇಲೆದ್ದಿತು, 13ನೇ ನಿಮಿಷದಲ್ಲಿ ಬೆಲ್ಲಿಂಗ್‌ಹ್ಯಾಮ್ ನುಗ್ಗಿ ಬಂದು ತಲೆಯಿಂದ ಗೋಲಿಗೆ ಗುದ್ದಿದ. ಅರ್ಧ ಗಂಟೆ ಚೆನ್ನಾಗಿ ಆಡಿದ ಇಂಗ್ಲೆಂಡ್ ಆಮೇಲೆ ಹಿಂದೆ ಸರಿಯುತ್ತಲೇ ಹೋಯಿತು. ಇಡೀ ಮ್ಯಾಚಿನಲ್ಲಿ ಅವರದು 5 ಶಾಟ್, ಸರ್ಬಿಯಾದ್ದು 6. ನಾಯಕ ಹ್ಯಾರಿ ಕೇನ್ ಮೊದಲಾರ್ಧದಲ್ಲಿ ಚೆಂಡು ಮುಟ್ಟಿದ್ದು ಎರಡೇ ಸಲ. ಅಭಿಮಾನಿಗಳು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಮ್ಯಾಚನ್ನು ಅಳೆಯಲು ಫಾಟ್‌ಮಾಬ್‌ನ ಶಾಟ್ ಮ್ಯಾಪ್ ಸಾಕು. ಮ್ಯಾಚಿನ ಪುಟದಲ್ಲಿ ಕೆಳಗಿಳಿದರೆ ಮೈದಾನದ ಚಿತ್ರದ ಮೇಲೆ ಚುಕ್ಕಿಗಳು ಕಾಣುತ್ತವೆ. ಒಂದೊಂದನ್ನೂ ಮುಟ್ಟಿದರೆ ಯಾರು ಹೊಡೆದದ್ದು, ಯಾವ ನಿಮಿಷ, ಕಾಲೋ ತಲೆಯೋ, ಎಕ್ಸ್‌ಜಿ ಎಷ್ಟು ಎಂಬುದೆಲ್ಲ ಬರುತ್ತದೆ. ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್) ಅಂದರೆ ಆ ಜಾಗದಿಂದ, ಆ ಕೋನದಲ್ಲಿ, ಆ ಬಗೆಯ ಶಾಟ್ ಗೋಲಾಗುವ ಸಂಭವ. ಪೆನಾಲ್ಟಿಗೆ ಸುಮಾರು 0.79, ಪೆನಾಲ್ಟಿ ಪೆಟ್ಟಿಗೆಯ ಹೊರಗಿನಿಂದ ಬಾರಿಸಿದ ಬಹುಪಾಲು ಶಾಟ್‌ಗಳಿಗೆ 0.05ರ ಆಸುಪಾಸು. ಎಲ್ಲರೂ ಮಾಡುವ ತಪ್ಪೆಂದರೆ ಮೇಲಿರುವ ಎಕ್ಸ್‌ಜಿಯ ಒಟ್ಟು ಮೊತ್ತ ಓದಿ ತೀರ್ಪು ಕೊಟ್ಟುಬಿಡುವುದು. ಶಾಟ್‌ಗಳನ್ನು ನಿಮಿಷದ ಕ್ರಮದಲ್ಲೇ ಓದಬೇಕು. ಬೇಗ ಗೋಲು ಹೊಡೆದ ತಂಡ ಬೇಕೆಂತಲೇ ಹಿಂದೆ ಕೂರುತ್ತದೆ, ಅದರ ಮೊತ್ತ ಕಡಿಮೆ ಬರುವುದು ಸಹಜ. ಗೋಲಿನ ಮುಂಚಿನ ಆಟವನ್ನೂ ನಂತರದ ಆಟವನ್ನೂ ಬೇರೆ ಮಾಡಿ ನೋಡಿದರೆ ‘ಲೆಕ್ಕ ಹಾಕಿ ಕಾಯ್ದುಕೊಂಡರು’ ಅನ್ನುವುದಕ್ಕೂ ‘ಕೈಕಾಲು ಬಿಟ್ಟರು’ ಅನ್ನುವುದಕ್ಕೂ ಇರುವ ಅಂತರ ಗೊತ್ತಾಗುತ್ತದೆ. ಸರ್ಬಿಯಾ ಎದುರು ಆಗಿದ್ದು ಎರಡರ ನಡುವಿನದು: ಎದುರಾಳಿಗೆ ದೊಡ್ಡ ಅವಕಾಶ ಹೆಚ್ಚು ಕೊಡಲಿಲ್ಲ, ಆದರೆ ಚೆಂಡು ಕೈಗೆ ಬಂದಾಗ ಏನು ಮಾಡಬೇಕೆಂದು ಯಾರಿಗೂ ತಿಳಿದಂತಿರಲಿಲ್ಲ.

ಮೊತ್ತದ ಲೆಕ್ಕಕ್ಕೆ ಇನ್ನೂ ಎರಡು ಕುತ್ತುಗಳಿವೆ. ಗೋಲ್‌ಕೀಪರ್ ತಡೆದ ಚೆಂಡು ವಾಪಸ್ ಬಂದು ಮತ್ತೆ ಹೊಡೆದರೆ 0.5, 0.5 ಸೇರಿ 1.0 ಆಗಿಬಿಡಬಹುದು. ಆದರೆ ಆ ದಾಳಿಯಿಂದ ಬರಬಹುದಾದ ಗೋಲು ಒಂದೇ. ಇನ್ನೊಂದು, ಗೋಲಿನ ಮುಂದೆ ಅಡ್ಡಲಾಗಿ ಹಾದುಹೋದ ಚೆಂಡಿಗೆ ಒಂದಡಿಯಲ್ಲಿ ಸ್ಟ್ರೈಕರ್ ಕಾಲು ತಪ್ಪಿದರೆ ಅದು ಶಾಟೇ ಅಲ್ಲ, ಎಕ್ಸ್‌ಜಿ ಸೊನ್ನೆ. ನಾವು ಕುರ್ಚಿಯಿಂದ ಎದ್ದುನಿಂತ ಆ ಕ್ಷಣ ಮ್ಯಾಪಿನಲ್ಲಿ ಇರುವುದೇ ಇಲ್ಲ. ಸ್ವಂತ ಗೋಲಿನ ಕತೆಯೂ ಇದೇ. 2025ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿಗೆ ಸಿಕ್ಕ ಮುನ್ನಡೆ ಮೋಹನ್ ಬಾಗಾನ್ ಡಿಫೆಂಡರ್ ತನ್ನ ಗೋಲಿಗೇ ಹಾಕಿಕೊಂಡದ್ದು. ಇಂಥ ಗೋಲು ಸ್ಕೋರಿಗೆ ಸೇರುತ್ತದೆ, ಎಕ್ಸ್‌ಜಿ ಲೆಕ್ಕಕ್ಕೆ ಸೇರುವುದಿಲ್ಲ.

ಸೋಫಾಸ್ಕೋರ್‌ನ ಬಲ ಬೇರೆ ಕಡೆ ಇದೆ. ಅದರ ಅಟ್ಯಾಕ್ ಮೊಮೆಂಟಮ್ ಎಂಬ ಪಟ್ಟಿ ನಿಮಿಷ ನಿಮಿಷಕ್ಕೂ ಯಾರು ಒತ್ತುತ್ತಿದ್ದಾರೆಂದು ಮೇಲೆ ಕೆಳಗೆ ಏಳುವ ಕಂಬಿಗಳಲ್ಲಿ ತೋರಿಸುತ್ತದೆ. ಶಾಟ್ ಆಗದೆ ಹೋದ ಒತ್ತಡವೂ ಇಲ್ಲಿ ಕಾಣುವುದರಿಂದ ಶಾಟ್ ಮ್ಯಾಪ್ ಬಿಟ್ಟ ಖಾಲಿ ಜಾಗವನ್ನು ಇದು ಒಂದಿಷ್ಟು ತುಂಬುತ್ತದೆ. ಆಟಗಾರರು ಬದಲಾದ ನಿಮಿಷಗಳನ್ನು ಪಕ್ಕದಲ್ಲಿಟ್ಟು ನೋಡಿ: ಬದಲಾವಣೆಯಾದ ಮೇಲೆ ಕಂಬಿಗಳು ದಿಕ್ಕು ಬದಲಿಸಿದವೋ ಇಲ್ಲವೋ. ಕೋಚ್‌ನನ್ನು ಬಯ್ಯುವುದಿದ್ದರೆ ಈ ಆಧಾರ ಇಟ್ಟುಕೊಂಡು ಬಯ್ಯಬಹುದು. ಆಟಗಾರರ ಸರಾಸರಿ ಸ್ಥಾನದ ಚಿತ್ರ ಮಾತ್ರ ಜೋಪಾನ. ಎಡಬಲ ಬದಲಾಯಿಸಿಕೊಂಡು ಆಡಿದ ವಿಂಗರ್ ಅಲ್ಲಿ ಮೈದಾನದ ನಟ್ಟನಡುವೆ ನಿಂತಿರುತ್ತಾನೆ, ನಿಜವಾಗಿ ಅವನು ಆ ಜಾಗಕ್ಕೆ ಕಾಲಿಟ್ಟಿರುವುದೇ ಇಲ್ಲ.

ಇನ್ನು ಆಟಗಾರರ ರೇಟಿಂಗ್. ಎರಡೂ ಆ್ಯಪ್‌ಗಳಲ್ಲಿ ಜನ ಮೊದಲು ನೋಡುವುದು ಇದನ್ನೇ, ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವುದೂ ಇದೇ. ಸೋಫಾಸ್ಕೋರ್‌ನಲ್ಲಿ ಎಲ್ಲರೂ 6.5ರಿಂದ ಶುರು. ಚೆಂಡು ಮುಟ್ಟಿದಾಗ ಒಳ್ಳೆಯದೋ ಕೆಟ್ಟದ್ದೋ ಆದಂತೆ ಅಂಕ ಏರಿಳಿಯುತ್ತದೆ. ಅಂದರೆ ಚೆಂಡೇ ಸಿಗದವನಿಗೆ ದೊಡ್ಡ ಶಿಕ್ಷೆಯಿಲ್ಲ, ಆರಂಭದ ಅಂಕದ ಹತ್ತಿರವೇ ಉಳಿದುಬಿಡುತ್ತಾನೆ. ಗೋಲು ಹೊಡೆದವನ ಅಂಕ ಜಿಗಿಯುತ್ತದೆ, ಎದುರಾಳಿ ಗೋಲು ಹೊಡೆಯದಿದ್ದರೆ ಡಿಫೆನ್ಸಿನ ನಾಲ್ವರಿಗೂ ಹಸಿರು ಬಣ್ಣ ಬರುವುದು ಹೆಚ್ಚು. ಎದುರಾಳಿ ಸ್ಟ್ರೈಕರ್ ಖಾಲಿ ಗೋಲಿನಿಂದ ಹೊರಗೆ ಹೊಡೆದದ್ದಕ್ಕೆ ನಮ್ಮ ಸ್ಟಾಪರ್‌ಗೆ (ನಡುವಿನ ಡಿಫೆಂಡರ್) 7.4 ಬಂದರೆ ಅದನ್ನು ಹಿಡಿದುಕೊಂಡು ವಾದಿಸುವುದರಲ್ಲಿ ಅರ್ಥವಿಲ್ಲ. 1-0 ಗೆಲುವಿನಲ್ಲಿ ರೇಟಿಂಗ್ ಸದಾ ಆಟಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇಂಗ್ಲೆಂಡ್‌ನದೇ ಇನ್ನೊಂದು ಮ್ಯಾಚು ಸಂಖ್ಯೆಗಳ ಮಿತಿಯನ್ನು ಬಯಲು ಮಾಡುತ್ತದೆ. ಜೂನ್ 30, ಸ್ಲೊವಾಕಿಯಾ ಎದುರು. ಸ್ಲೊವಾಕಿಯಾದ ಶ್ರಾಂಜ್ 25ನೇ ನಿಮಿಷದಲ್ಲಿ ಗೋಲು ಹೊಡೆದಿದ್ದ. 90 ನಿಮಿಷ ಮುಗಿದು ಇಂಜುರಿ ಟೈಮ್‌ನ ಐದನೇ ನಿಮಿಷದವರೆಗೂ ಇಂಗ್ಲೆಂಡ್‌ನ ಒಂದೇ ಒಂದು ಶಾಟ್ ಗೋಲಿನ ದಿಕ್ಕಿಗೆ ಹೋಗಿರಲಿಲ್ಲ. ಹೋದ ಮೊದಲನೆಯದೇ ಬೆಲ್ಲಿಂಗ್‌ಹ್ಯಾಮ್‌ನ ಬೈಸಿಕಲ್ ಕಿಕ್. ಹೆಚ್ಚುವರಿ ಸಮಯದ ಮೊದಲ ನಿಮಿಷದಲ್ಲೇ ಕೇನ್ ಇನ್ನೊಂದು ಹಾಕಿದ. ಗುರಿಗೆ ಹೋದದ್ದು ಎರಡು, ಎರಡೂ ಗೋಲು. ಶಾಟ್ಸ್ ಆನ್ ಟಾರ್ಗೆಟ್ ಸಾಲನ್ನು ನೋಡಿ ನಗಬಹುದು, ಆದರೆ ಬೆನ್ನು ತಿರುಗಿಸಿ ನಿಂತವನೊಬ್ಬ ಗಾಳಿಯಲ್ಲಿ ಹಾಗೆ ಒದೆಯಬಲ್ಲ ಎಂಬುದು ಯಾವ ಕೋಷ್ಟಕದಲ್ಲೂ ಸಿಗುವುದಿಲ್ಲ. ಮೊದಲೇ ಸ್ಲೊವೇನಿಯಾ ಜೊತೆಗಿನ 0-0ರ ನಂತರ ಆಗಿನ ಕೋಚ್ ಸೌತ್‌ಗೇಟ್ ಕಡೆಗೆ ಬಿಯರ್ ಲೋಟ ಎಸೆದಿದ್ದ ಅಭಿಮಾನಿಗಳ ಸಿಟ್ಟು ಈ ಗೆಲುವಿನಿಂದ ಪೂರ್ತಿ ಇಳಿಯಲೂ ಇಲ್ಲ. ಹೀಗೇ ಕುಂಟುತ್ತ ಅದೇ ತಂಡ ಬರ್ಲಿನ್ ಫೈನಲ್‌ವರೆಗೂ ಹೋಗಿ ಸ್ಪೇನ್ ಎದುರು 2-1ರಲ್ಲಿ ಸೋತಿತು.

ಬಳಕೆಯ ದೃಷ್ಟಿಯಿಂದ ದೊಡ್ಡ ತಲೆನೋವು ನೋಟಿಫಿಕೇಶನ್. ಮೊಬೈಲಿನಲ್ಲೋ ಸ್ಮಾರ್ಟ್ ಟಿವಿಯಲ್ಲೋ ಸ್ಟ್ರೀಮಿಂಗ್ ನೋಡುವವರಿಗೆ ದೃಶ್ಯ ಸಾಮಾನ್ಯವಾಗಿ ಅರ್ಧ ನಿಮಿಷದಷ್ಟು ತಡ, ಆ್ಯಪಿನ ಗೋಲು ಸಂದೇಶ ಅದಕ್ಕಿಂತ ಮುಂಚೆ ಬರುತ್ತದೆ. ಕಾರ್ನರ್ ತೆಗೆದುಕೊಳ್ಳುವ ಮೊದಲೇ ಫೋನ್ ಗುಂಯ್ ಅಂದರೆ 1-0 ಮ್ಯಾಚಿನಲ್ಲಿ ಉಳಿಯುವುದೇನು? ತಂಡದ ಪಕ್ಕದ ಗಂಟೆಯ ಗುರುತಿಗೆ ಹೋಗಿ ಗೋಲು, ಕೆಂಪು ಕಾರ್ಡ್ ಎರಡನ್ನೂ ತೆಗೆದುಹಾಕಿ, ಲೈನಪ್ ಮತ್ತು ಆಟದ ಆರಂಭವನ್ನು ಮಾತ್ರ ಉಳಿಸಿಕೊಳ್ಳಿ. ಎರಡು ಆ್ಯಪ್ ಇಟ್ಟುಕೊಂಡವರು ಎರಡರಲ್ಲೂ ಇದನ್ನು ಮಾಡಬೇಕು. ಒಂದರಲ್ಲಿ ಮರೆತರೆ ಶ್ರಮವೆಲ್ಲ ನೀರಿನಲ್ಲಿ ಹೋಮ.

ಎರಡೂ ಉಚಿತ, ಜಾಹೀರಾತು ಸಹಿಸಬೇಕು. ದುಡ್ಡು ಕೊಟ್ಟು ಜಾಹೀರಾತು ತೆಗೆಸುವಷ್ಟು ಕಾಟವೇನೂ ಇಲ್ಲ. ಒಂದನ್ನೇ ಇಟ್ಟುಕೊಳ್ಳುವುದಾದರೆ ಶಾಟ್ ಮ್ಯಾಪಿಗಾಗಿ ಫಾಟ್‌ಮಾಬ್ ಸಾಕು. ಯೂರೋಪಿನ ದೊಡ್ಡ ಲೀಗುಗಳಿಗೆ ಇರುವಷ್ಟು ವಿವರವನ್ನು ಎಲ್ಲ ಕಡೆಗೂ ನಿರೀಕ್ಷಿಸಬೇಡಿ, ಬೆಂಗಳೂರಿನ ಸೂಪರ್ ಡಿವಿಷನ್ ಮ್ಯಾಚಿಗೆ ಅಶೋಕನಗರದ ಸ್ಟೇಡಿಯಂಗೆ ಹೋಗಿ ಕಣ್ಣಾರೆ ನೋಡುವುದೇ ದಾರಿ. ಕೆಲವು ಗೆಲುವುಗಳಿಗಂತೂ ಯಾವ ಆ್ಯಪೂ ಆಗಿಬರುವುದಿಲ್ಲ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ಗೋಡೆಯಂತೆ ಸಾಲಾಗಿ ನಿಲ್ಲುವ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲಾಯಿತು, ಅದನ್ನು ಒಪ್ಪದ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆದರು, ಬೆಂಗಳೂರಿಗೆ 1-0 ಗೆಲುವು. ಮ್ಯಾಪಿನಲ್ಲಿ ಅದು ಒಂದು ಚುಕ್ಕಿ. ಆ ಚುಕ್ಕಿಯ ಬಗ್ಗೆ ಬೆಂಗಳೂರಿನವರೂ ಕೊಚ್ಚಿಯವರೂ ಇವತ್ತಿಗೂ ಜಗಳವಾಡುತ್ತಾರೆ.