ಇನ್ಸ್‌ಬ್ರುಕ್‌ನ ಚಿನ್ನದ ಮಾಡು: ಪ್ಯಾಕೇಜ್ ಬಸ್ಸು, ಸಿಟಿ ಕಾರ್ಡು, ಬಿಡಿ ಟಿಕೆಟ್ಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಬಿಡಿ ಟಿಕೆಟ್ಟಿಗೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಹಳೇ ಪೇಟೆಯಲ್ಲಿರುವ ಗೋಲ್ಡನೆಸ್ ದಾಖ್ಲ್ ಅನ್ನು, ಅಂದರೆ ನಮ್ಮ ಟೂರಿನವರು ಗೋಲ್ಡನ್ ರೂಫ್ ಅನ್ನುವ ಆ ಚಿನ್ನದ ಮಾಡನ್ನು, ನಾನು ಎಲ್ಲ ಬಗೆಯಲ್ಲೂ ನೋಡಿ ಆಗಿದೆ. ಪುತ್ತೂರಿನಿಂದ ಅಪ್ಪ-ಅಮ್ಮ ಯುರೋಪ್ ಪ್ಯಾಕೇಜಿನಲ್ಲಿ ಬಂದಾಗ ನಾನೂ ಅವರ ಜೊತೆ ಸೀಟು ಹಾಕಿಸಿಕೊಂಡಿದ್ದೆ. ಅಣ್ಣ-ಅತ್ತಿಗೆ ಮಕ್ಕಳನ್ನು ಕಟ್ಟಿಕೊಂಡು ಬಂದಾಗ ಎಲ್ಲರಿಗೂ ಇನ್ಸ್‌ಬ್ರುಕ್ ಕಾರ್ಡ್ ಕೊಂಡೆವು. ಈಗ ಯಾರು ಬರಲಿ ಬಿಡಲಿ, ಮ್ಯೂನಿಕ್‌ನಲ್ಲಿ ರೈಲು ಹತ್ತಿ ಹೋಗಿ, ಬೇಕಾದ ಕಡೆಗಷ್ಟೇ ಟಿಕೆಟ್ ತೆಗೆದು, ಸಂಜೆವರೆಗೆ ಇದ್ದು ಬರುವುದು ರೂಢಿಯಾಗಿದೆ.

ಊರಿನಿಂದ ಹೊರಡುವವರು ಫೋನ್ ಮಾಡಿದಾಗೆಲ್ಲ ಕೇಳುವುದು ಒಂದೇ ಮಾತು, “ಅಲ್ಲಿ ನೋಡಲಿಕ್ಕೆ ಅಷ್ಟೆಲ್ಲ ಉಂಟಾ?” ಉಂಟು. ಆದರೆ ಯಾವ ದಾರಿಯಲ್ಲಿ ಹೋಗುತ್ತೀರಿ ಎಂಬುದರ ಮೇಲೆ ಅದು ಕಾಣುತ್ತದೆ, ಇಲ್ಲವೇ ಕಾಣದೆ ಹೋಗುತ್ತದೆ.

ಪ್ಯಾಕೇಜಿನ ಕಥೆ ಹೀಗೆ. ಹಳೇ ಪೇಟೆ ಪೂರ್ತಿ ನಡೆದಾಡುವವರಿಗೆ ಮೀಸಲು, ಟೂರ್ ಬಸ್ಸು ಒಳಗೆ ಬರುವಂತಿಲ್ಲ. ಹೊರಗೆ ಇಳಿಸುತ್ತಾರೆ, ಟೂರ್ ಮ್ಯಾನೇಜರ್ ಹಿಂದೆ ಸಾಲಾಗಿ ನಡೆಯಬೇಕು. ನಮಗೆ ಕೊಟ್ಟದ್ದು ಮುಕ್ಕಾಲು ಗಂಟೆ. ನಡಿಗೆ, ಶೌಚಾಲಯ, ಗ್ರೂಪ್ ಫೋಟೊ ಎಲ್ಲ ಅದರೊಳಗೇ. ಹೆರ್ಜೋಗ್ ಫ್ರೀಡ್ರಿಖ್ ಬೀದಿ ಅಗಲವಾಗಿ ಸಣ್ಣ ಚೌಕವಾಗುವ ಜಾಗದಲ್ಲಿ ನಿಲ್ಲಿಸಿ, ಮೇಲೆ ಕೈ ತೋರಿಸಿ, “ಇದೇ ಗೋಲ್ಡನ್ ರೂಫ್” ಅಂದರು. ಅಮ್ಮ ಕತ್ತೆತ್ತಿ ನೋಡಿ ನನ್ನ ಕಿವಿಯಲ್ಲಿ ಕೇಳಿದ್ದು, “ಎಂತದೇ ಇದು, ಇಷ್ಟೇ ಉಂಟಾ?”

ಅಮ್ಮನ ತಪ್ಪಿಲ್ಲ. ಚಿನ್ನದ ಮಾಡು ಎಂದ ಕೂಡಲೇ ಮೈಸೂರು ಅರಮನೆಯ ಲೆಕ್ಕದಲ್ಲಿ ಮನಸ್ಸು ಚಿತ್ರ ಕಟ್ಟಿಕೊಳ್ಳುತ್ತದೆ. ಇಲ್ಲಿರುವುದು ಒಂದು ಮನೆಯ ಮುಂಭಾಗಕ್ಕೆ ಅಂಟಿಕೊಂಡ ಉಪ್ಪರಿಗೆ, ಅದರ ತಲೆಯ ಮೇಲೆ ಒಂದು ಇಳಿಜಾರು ಮಾಡು. ಹೆಂಚುಗಳು ತಾಮ್ರದವು, ಪಾದರಸ ಬೆರೆಸಿದ ಚಿನ್ನ ಬಳಿದು ಬೆಂಕಿಯಲ್ಲಿ ಕಾಯಿಸಿ ಲೇಪ ಕೂರಿಸಿದವು, ಲೆಕ್ಕಕ್ಕೆ 2657. ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಕಟ್ಟಿಸಿದ್ದು, ಕೆಲಸ ಮುಗಿದದ್ದು 1500ರಲ್ಲಿ, ಕಟ್ಟಿದವನು ನಿಕ್ಲಾಸ್ ಟ್ಯೂರಿಂಗ್. ಕೆಳಗಿನ ಚೌಕದಲ್ಲಿ ನಡೆಯುವ ಕಾಳಗದ ಆಟಗಳನ್ನು ರಾಜ ಕೂತು ನೋಡಲಿಕ್ಕೂ, ರಾಜ ಕೂತದ್ದನ್ನು ಜನ ನೋಡಲಿಕ್ಕೂ ಮಾಡಿಸಿದ ಜಾಗ ಇದು. ಗಾತ್ರ ನೋಡಲು ಹೋದರೆ ನಿರಾಶೆಯೇ.

ನನಗೆ ಕಿರಿಕಿರಿಯಾದದ್ದು ಗಾತ್ರದಿಂದಲ್ಲ. ಅಲ್ಲಿ ನೋಡಬೇಕಾದ ವಸ್ತು ಮಾಡು ಅಲ್ಲ, ಮಾಡಿನ ಕೆಳಗಿರುವ ಕಲ್ಲಿನ ಕೆತ್ತನೆ. ಅದನ್ನು ಯಾರೂ ತೋರಿಸಲಿಲ್ಲ. ಉಪ್ಪರಿಗೆಯ ಕಟಾಂಜನದ ಮೇಲೆ ಒಂದರ ಪಕ್ಕ ಒಂದು ಫಲಕಗಳಿವೆ. ಹೆಚ್ಚಿನವುಗಳಲ್ಲಿ ಮೈಕೈ ತಿರುಚಿ ಕುಣಿಯುವ ಮೊರಿಸ್ಕ ಎಂಬ ಹಳೇ ಕುಣಿತದ ನರ್ತಕರು. ನಡುವಿನ ಎರಡು ಫಲಕಗಳಲ್ಲಿ ರಾಜನೇ ಇದ್ದಾನೆ, ಒಂದರಲ್ಲಿ ಮಂತ್ರಿ ಮತ್ತು ವಿದೂಷಕನ ನಡುವೆ, ಇನ್ನೊಂದರಲ್ಲಿ ಇಬ್ಬರು ಹೆಂಡತಿಯರ ಜೊತೆ. ಒಬ್ಬಳು ಬರ್ಗಂಡಿಯ ಮೇರಿ, ಮತ್ತೊಬ್ಬಳು ಮಿಲಾನಿನ ಬಿಯಾಂಕ ಮಾರಿಯ ಸ್ಫೋರ್ಜ. ಮೇರಿ 1482ರಲ್ಲೇ ತೀರಿಹೋಗಿದ್ದಳು. ಬಿಯಾಂಕಳನ್ನು ಮದುವೆಯಾದದ್ದು 1494ರಲ್ಲಿ. ಇಬ್ಬರೂ ಒಂದೇ ಕಲ್ಲಿನಲ್ಲಿ ಅಕ್ಕಪಕ್ಕ ಇದ್ದಾರೆ. ಇದನ್ನು ಆಮೇಲೆ ಫೋಟೊ ದೊಡ್ಡದು ಮಾಡಿ ತೋರಿಸಿದಾಗ ಅಮ್ಮ ತುಂಬ ಹೊತ್ತು ನೋಡಿ, “ಇದ್ದವಳ ಪಕ್ಕ ಸತ್ತ ಸವತಿಯನ್ನೂ ತಂದು ನಿಲ್ಲಿಸಿದ್ದಾನೆ, ದಿನಾ ನೋಡಬೇಕಲ್ಲ ಆ ಹುಡುಗಿ” ಅಂದರು. ಆ ಕಲ್ಲಿನ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ. ಬೀದಿಯಲ್ಲಿ ನಿಂತಿದ್ದಾಗ ಮಾತ್ರ ಅವರಿಗೆ ಅದು ಕಾಣಲೇ ಇಲ್ಲ.

ಕಾಣದಿರಲು ಕಾರಣಗಳಿವೆ. ಕೆತ್ತನೆ ಎತ್ತರದಲ್ಲಿದೆ, ಬರಿಗಣ್ಣಿಗೆ ಮುಖಗಳು ಸಿಗುವುದಿಲ್ಲ. ಮನೆ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬೇಸಿಗೆಯ ನಡುಮಧ್ಯಾಹ್ನ ಮಾಡಿನ ನೆರಳು ಕೆಳಗೆ ಬೀಳುತ್ತದೆ. ಮೇಲೆ ಚಿನ್ನ ಕಣ್ಣು ಕುಕ್ಕುತ್ತಿರುತ್ತದೆ, ಕೆಳಗಿನ ಕಲ್ಲು ಕಪ್ಪಾಗಿ ಉಳಿಯುತ್ತದೆ. ಬಸ್ಸಿನ ಗುಂಪುಗಳು ಒಂದರ ಹಿಂದೆ ಒಂದು ಬರುವುದು ಆ ಹೊತ್ತಿಗೇ. ಎದುರಿಗೆ ಸರಿಯಾಗಿ ನಿಂತು ನೋಡಲು ಇರುವ ಜಾಗ ಸಣ್ಣದು. ಅಲ್ಲಿ ಒಬ್ಬರು ಸೆಲ್ಫಿ ತೆಗೆದು ಸರಿಯುವಷ್ಟರಲ್ಲಿ ಇನ್ನೊಂದು ಟೂರ್ ಗುಂಪಿನ ಬಾವುಟ ಬಂದಿರುತ್ತದೆ. ನಾವು ಮೂಲೆಯಲ್ಲಿ ನಿಂತು ಕತ್ತು ನೋಯಿಸಿಕೊಂಡೆವು. ಅಷ್ಟರಲ್ಲಿ ಹೊರಡುವ ಕರೆ ಬಂತು.

ಟೂರಿನವರು ಹೇಳಿದ ಕಥೆಯೂ ಸರಿಯಿರಲಿಲ್ಲ. ಬರಿದಾದ ಜೇಬಿನವನು ಎಂಬ ಅಡ್ಡಹೆಸರಿದ್ದ ಡ್ಯೂಕ್ ಫ್ರೀಡ್ರಿಖ್, ಜನರ ಬಾಯಿ ಮುಚ್ಚಿಸಲು ಚಿನ್ನದ ಮಾಡು ಹಾಕಿಸಿದನಂತೆ. ಕೇಳಲು ಚೆನ್ನಾಗಿದೆ. ಫ್ರೀಡ್ರಿಖ್ ಆ ಮನೆಯನ್ನು ಹದಿನೈದನೇ ಶತಮಾನದ ಮೊದಲ ಭಾಗದಲ್ಲಿ ಅರಮನೆಯಾಗಿ ಕಟ್ಟಿಸಿದ್ದು ನಿಜ, ಆದರೆ ಮಾಡು ಬಂದದ್ದು ಅವನು ಹೋಗಿ ಎಷ್ಟೋ ದಶಕಗಳ ಮೇಲೆ. ಅಪ್ಪ ಅದನ್ನು ಈಗಲೂ ನೆಂಟರಿಗೆಲ್ಲ ಹೇಳುತ್ತಾರೆ.

ಮುಕ್ಕಾಲು ಗಂಟೆಯ ಮೇಲೆ ಬಸ್ಸು ಹೊರಟದ್ದು ವಾಟೆನ್ಸ್‌ನ ಸ್ವರೋವ್‌ಸ್ಕಿ ಕ್ರಿಸ್ಟಲ್ ಲೋಕಕ್ಕೆ. ಅಲ್ಲಿ ಸಮಯಕ್ಕೆ ಬರ ಇರಲಿಲ್ಲ. ನಮ್ಮ ಕಡೆಯ ಪ್ಯಾಕೇಜುಗಳಲ್ಲಿ ಇನ್ಸ್‌ಬ್ರುಕ್ ಸೇರುವುದೇ ಹೆಚ್ಚಾಗಿ ಅದರ ದೆಸೆಯಿಂದ. ಬುಕ್ ಮಾಡುವ ಮೊದಲು ಹಳೇ ಪೇಟೆಗೆ ಎಷ್ಟು ಹೊತ್ತು ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಪ್ಯಾಕೇಜಿನ ಪರವಾಗಿ ಒಂದು ಮಾತು ಹೇಳಲೇಬೇಕು. ವೀಸಾ, ಹೋಟೆಲ್, ರಾತ್ರಿ ಅನ್ನ-ಸಾರು, ಯಾವುದಕ್ಕೂ ಅಪ್ಪ-ಅಮ್ಮ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಇನ್ಸ್‌ಬ್ರುಕ್ ಕಾರ್ಡ್ 24, 48, 72 ಗಂಟೆಗಳ ಲೆಕ್ಕದಲ್ಲಿ ಸಿಗುತ್ತದೆ. ಮ್ಯೂಸಿಯಂಗಳು, ಗೋಪುರ, ಹೋಫ್‌ಬುರ್ಗ್ ಅರಮನೆ, ಊರಿನ ಬಸ್ಸು, ಬೆಟ್ಟದ ಕೇಬಲ್ ಕಾರು, ವಾಟೆನ್ಸ್ ಎಲ್ಲ ಅದರಲ್ಲಿ ಬಂತು. ಒಂದು ದಿನದ ಕಾರ್ಡಿಗೇ ತಲೆಗೆ 50 ಯೂರೋ ದಾಟಿದೆ. ಬೆಟ್ಟ ಹತ್ತುವವರಿಗೆ ಇದು ಲಾಭವೇ, ಅದರಲ್ಲಿ ಎರಡು ಮಾತಿಲ್ಲ. ಜಹಾ ಹದಿದ್ ವಿನ್ಯಾಸ ಮಾಡಿದ ನಿಲ್ದಾಣಗಳಿರುವ ಹಂಗರ್‌ಬುರ್ಗ್ ರೈಲು, ಅಲ್ಲಿಂದ ಕೇಬಲ್ ಕಾರಿನಲ್ಲಿ 1905 ಮೀಟರ್ ಎತ್ತರದ ಜೇಗ್ರೂಬೆ. ಅಣ್ಣನ ಮಕ್ಕಳು ಮೊದಲ ಬಾರಿ ಹಿಮ ಮುಟ್ಟಿದ್ದು ಅಲ್ಲೇ.

ಆದರೆ ಕಾರ್ಡು ಕೈಗೆ ಬಂದ ಗಳಿಗೆಯಿಂದ ಮನೆಯವರಿಗೆಲ್ಲ ವಸೂಲಿಯ ಚಿಂತೆ ಹತ್ತಿಕೊಂಡಿತು. ಅತ್ತಿಗೆ ಎಲ್ಲೆಲ್ಲಿ ಎಷ್ಟು ಉಳಿಯಿತು ಎಂದು ಫೋನಿನಲ್ಲಿ ಬರೆದಿಡುತ್ತಿದ್ದರು. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ವಾಟೆನ್ಸ್, ಓಡೋಡಿ ವಾಪಸ್, ಮುಚ್ಚುವ ಮೊದಲು ಇನ್ನೊಂದು ಮ್ಯೂಸಿಯಂ. ಚಿನ್ನದ ಮಾಡಿನ ಎದುರು ನಿಲ್ಲಲು ಟಿಕೆಟ್ಟೇ ಬೇಡವಲ್ಲ, ಹಾಗಾಗಿ ಅದಕ್ಕೆ ಸಿಕ್ಕಿದ್ದು ಉಳಿದ ಚೂರುಪಾರು ಹೊತ್ತು. ದುಡ್ಡು ವಸೂಲಾಯಿತು, ಊರು ಕಾಣಲಿಲ್ಲ.

ಮಾಡಿನ ಹಿಂದಿನ ಮನೆಯೊಳಗಿನ ಮ್ಯೂಸಿಯಂ ನೋಡಿದ್ದೂ ಆ ಕಾರ್ಡಿನಲ್ಲೇ. ಸಣ್ಣದು, ಮ್ಯಾಕ್ಸಿಮಿಲಿಯನ್ನನ ಕಾಲದ ವಿಷಯ ಚೆನ್ನಾಗಿ ಜೋಡಿಸಿದ್ದಾರೆ. ಮಾಡಿನ ಅಡಿಯಲ್ಲೇ ಇರುತ್ತೀರಿ, ಮಾಡು ಕಾಣುವುದಿಲ್ಲ. ಮಳೆ ಬಂದರೆ ಹೋಗಿ. ಅದೇ ಕಟ್ಟಡದಲ್ಲಿ ಆಲ್ಪ್ಸ್ ದೇಶಗಳ ಒಪ್ಪಂದದ ಕಾಯಂ ಕಚೇರಿಯೂ ಇದೆ.

ಇನ್ನು ನನ್ನ ದಾರಿ. ಮ್ಯೂನಿಕ್‌ನಿಂದ ನೇರ ರೈಲಿಗೆ ಎರಡು ಗಂಟೆಯೊಳಗೇ ತಲುಪಬಹುದು. ಜರ್ಮನಿಯಲ್ಲಿರುವ ನಮ್ಮವರ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ (ಆ ದೇಶದ ಲೋಕಲ್ ರೈಲು-ಬಸ್ಸುಗಳಿಗೆಲ್ಲ ನಡೆಯುವ ತಿಂಗಳ ಪಾಸು) ಇದ್ದರೆ ಲೋಕಲ್ ರೈಲುಗಳಲ್ಲಿ ಗಡಿಯ ಕುಫ್‌ಸ್ಟೈನ್‌ವರೆಗೆ ಅದು ನಡೆಯುತ್ತದೆ. ಅಲ್ಲಿಂದ ಮುಂದಕ್ಕೆ ಆಸ್ಟ್ರಿಯಾದ ಟಿಕೆಟ್ ತೆಗೆಯಬೇಕು. ಸಮಯ ಹೆಚ್ಚು ಹಿಡಿಯುತ್ತದೆ, ದುಡ್ಡು ಉಳಿಯುತ್ತದೆ. ನಾನು ಹೋಗುವಾಗ ನೇರ ರೈಲು, ಬರುವಾಗ ಕುಫ್‌ಸ್ಟೈನ್ ದಾರಿ.

ನಿಲ್ದಾಣದಿಂದ ಹಳೇ ಪೇಟೆಗೆ ನಡೆದೇ ಹೋಗಿ, ಕಾಲು ಗಂಟೆ. ಮರಿಯಾ ತೆರೇಸಿಯಾ ಬೀದಿಯಲ್ಲಿ ಸಂತ ಆನ್ನಳ ಕಂಬ ಸಿಗುತ್ತದೆ. 1703ರಲ್ಲಿ ಬವೇರಿಯಾದ ಸೈನ್ಯವನ್ನು ಹಿಮ್ಮೆಟ್ಟಿಸಿದ ನೆನಪಿಗೆ 1706ರಲ್ಲಿ ನಿಲ್ಲಿಸಿದ್ದು. ಬವೇರಿಯಾದ ರಾಜಧಾನಿಯಿಂದಲೇ ಬರುವ ನನಗೆ ಇದು ಪ್ರತಿಸಲ ಕಣ್ಣಿಗೆ ಬೀಳುತ್ತದೆ. ಬೀದಿಯ ತುದಿಗೆ ನಾರ್ಡ್‌ಕೆಟೆ ಬೆಟ್ಟಸಾಲು ಗೋಡೆ ಎಬ್ಬಿಸಿದಂತಿದೆ.

ದುಡ್ಡು ಕೊಡಬೇಕಾದ ಮೊದಲ ಜಾಗ ಷ್ಟಾಟ್‌ಟುರ್ಮ್, ಅಂದರೆ ಹಳೇ ಪುರಭವನಕ್ಕೆ ಅಂಟಿಕೊಂಡ ಊರಿನ ಗೋಪುರ. 1450ರ ಹೊತ್ತಿಗೆ ಕಟ್ಟಿ ಮುಗಿಸಿದ್ದು, ಎತ್ತರ 51 ಮೀಟರ್, 31 ಮೀಟರ್ ಎತ್ತರದಲ್ಲಿ ಸುತ್ತ ನಡೆಯುವ ಕಟ್ಟೆ. ಒಂದು ಕಾಲದಲ್ಲಿ ಊರಿಗೆ ಬೆಂಕಿ ಬಿತ್ತೇ ಎಂದು ಕಾವಲುಗಾರ ಇಲ್ಲಿಂದಲೇ ನೋಡುತ್ತಿದ್ದ, ಕೆಳಗೆ ಸೆರೆಮನೆಯಿತ್ತು. ನಾನು ಇದನ್ನೇ ಮೊದಲು ಮಾಡಿ ಅನ್ನುವುದಕ್ಕೆ ಕಾರಣ, ಚಿನ್ನದ ಮಾಡನ್ನು ಮಾಡಾಗಿ ನೋಡಲು ಸಾಧ್ಯವಾಗುವುದು ಇಲ್ಲಿಂದ. ಬೀದಿಯಿಂದ ಅದು ಹೊಳೆಯುವ ಒಂದು ಹಲಗೆ ಅಷ್ಟೇ. ಮೇಲಿನಿಂದ ಹೆಂಚಿನ ಸಾಲು ಸಾಲು ಬೇರೆಬೇರೆಯಾಗಿ ಕಾಣುತ್ತದೆ, ಎಲ್ಲವೂ ಒಂದೇ ಬಣ್ಣದಲ್ಲಿಲ್ಲ ಎಂಬುದೂ ತಿಳಿಯುತ್ತದೆ, ಕೆಲವು ಹಳದಿ, ಕೆಲವು ಕೆಂಪಿಗೆ ತಿರುಗಿದವು. ಸುತ್ತಲಿನ ಮಂಕು ಮಾಡುಗಳ ನಡುವೆ ಅದೊಂದೇ ಹಾಗಿರುವುದನ್ನು ನೋಡಿದಾಗ, ಊರಿನ ಜನರಿಗೆ ರಾಜ ಏನು ತೋರಿಸಬೇಕೆಂದಿದ್ದ ಎಂಬುದು ಅರ್ಥವಾಗುತ್ತದೆ.

ಇಳಿದ ಮೇಲೆ ಬೈನಾಕ್ಯುಲರ್ ತೆಗೆಯಿರಿ. ಹಕ್ಕಿ ನೋಡುವವರ ಸಣ್ಣದೊಂದು ಸಾಕು. ಫೋನಿನ ಜೂಮ್‌ನಲ್ಲಿ ಕೆತ್ತನೆ ಕಲಸಿಹೋಗುತ್ತದೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು, ಇಲ್ಲವೇ ಬಸ್ಸುಗಳು ಹೋದ ಮೇಲೆ ಇಳಿಬಿಸಿಲಿನಲ್ಲಿ ನೋಡಿ. ನರ್ತಕರ ಹಿಂದೆ ಪಟ್ಟಿಯ ಮೇಲೆ ಅಕ್ಷರಗಳಿವೆ, ಅವನ್ನು ಓದಲು ವಿದ್ವಾಂಸರು ಬಹುಕಾಲ ಒದ್ದಾಡಿದ್ದಾರೆ. ಅಲ್ಲಿರುವುದು ನಕಲು, ಮೂಲ ಕೆತ್ತನೆಗಳು ಫರ್ಡಿನಾಂಡೇಯುಮ್ ಮ್ಯೂಸಿಯಂನ ಸಂಗ್ರಹದಲ್ಲಿವೆ. ನಕಲೆಂದು ಬಿಟ್ಟುಬಿಡಬೇಡಿ, ಕುಣಿತದ ಸೊಂಟದ ತಿರುವು ಅಷ್ಟೇ ಚೆನ್ನಾಗಿದೆ. ಹತ್ತಿರದಲ್ಲಿ ಯಾಕೊಬ್ ಹಟ್ಟರ್‌ನ ನೆನಪಿನ ಫಲಕವೂ ಇದೆ. ಅನಾಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಆ ಮುಖಂಡನನ್ನು 1536ರಲ್ಲಿ ಇದೇ ಮಾಡಿನ ಎದುರು ಸುಟ್ಟರು. ಅವನ ಹೆಸರಿನ ಹಟ್ಟರೈಟ್ ಸಮುದಾಯ ಇಂದಿಗೂ ಉತ್ತರ ಅಮೆರಿಕದಲ್ಲಿ ಬಾಳುತ್ತಿದೆ. ರಾಜರು ಕೂತು ಆಟ ನೋಡಿದ ಚೌಕದಲ್ಲೇ ಇದೂ ನಡೆದದ್ದು. ಪ್ಯಾಕೇಜಿನಲ್ಲಿ ಇದರ ಸುದ್ದಿಯೇ ಬರಲಿಲ್ಲ.

ಎರಡನೇ ಟಿಕೆಟ್ ಹೋಫ್‌ಕಿರ್ಖೆಗೆ, ಅಂದರೆ ಅರಮನೆಯ ಚರ್ಚಿಗೆ. ಪಕ್ಕದ ಜನಪದ ಕಲಾ ಮ್ಯೂಸಿಯಂನ ಬಾಗಿಲಿನಿಂದ ಒಳಗೆ ಹೋಗಬೇಕು. ಮ್ಯಾಕ್ಸಿಮಿಲಿಯನ್ನನ ಸಮಾಧಿ, ಅದನ್ನು ಕಾಯುತ್ತ ನಿಂತ ಆಳೆತ್ತರಕ್ಕೂ ಮೀರಿದ 28 ಕಂಚಿನ ವಿಗ್ರಹಗಳು. ಮೊದಲು ಯೋಜಿಸಿದ್ದು 40. ಅವನ ದೇಹ ಇಲ್ಲಿಲ್ಲ, ವೀನರ್ ನಾಯ್‌ಷ್ಟಾಟ್‌ನಲ್ಲಿದೆ. ಆ ಕಪ್ಪು ಮಂದಿಯ ನಡುವೆ ನಡೆದು ಬಂದ ಮೇಲೆ ಮಾಡಿನ ಕೆಳಗಿನ ಪುಟ್ಟ ಕಲ್ಲಿನ ರಾಜ ಬೇರೆಯೇ ಆಗಿ ಕಾಣುತ್ತಾನೆ. ಹೆಸರು ಉಳಿಯಬೇಕೆಂಬ ಅವನ ಹಂಬಲ ಎಷ್ಟು ದೊಡ್ಡದಿತ್ತು ಅಂತ ಇಲ್ಲಿ ಗೊತ್ತಾಗುತ್ತದೆ.

ಎರಡು ಟಿಕೆಟ್ಟೂ ಸೇರಿದರೆ ಕಾರ್ಡಿನ ಅರ್ಧ ಬೆಲೆಯೂ ಆಗುವುದಿಲ್ಲ. ಉಳಿದದ್ದರಲ್ಲಿ ಊಟ. ಸಸ್ಯಾಹಾರಿಗಳಿಗೆ ಕಾಸ್‌ಪ್ರೆಸ್‌ಕ್ನೋಡೆಲ್ ಎಂಬ ಚೀಸಿನ ಉಂಡೆ ಹಿಡಿಸಬಹುದು, ಆದರೆ ಸಾರಿನಲ್ಲಿ ಹಾಕಿ ಕೊಡುತ್ತಾರೆ, ಸಾರು ಮಾಂಸದ್ದೇ ಎಂದು ಕೇಳಿ, ಸಲಾಡ್ ಜೊತೆ ಕೊಡಿ ಅನ್ನಿ.

ನನಗೆ ಕೇಬಲ್ ಕಾರಿನ ಹುಚ್ಚಿಲ್ಲ, ಕ್ರಿಸ್ಟಲ್ ಕೊಳ್ಳುವುದಿಲ್ಲ, ಒಂದೇ ಜಾಗದಲ್ಲಿ ನಿಂತು ನೋಡುವುದು ಇಷ್ಟ, ಹಾಗಾಗಿ ಬಿಡಿ ಟಿಕೆಟ್ಟು. ಮಕ್ಕಳಿದ್ದು ಬೆಟ್ಟಕ್ಕೆ ಹೋಗುವುದು ಖಚಿತವಿದ್ದರೆ ಕಾರ್ಡ್ ತೆಗೆದುಕೊಳ್ಳಿ, 48 ಗಂಟೆಯದ್ದೇ ತೆಗೆದುಕೊಳ್ಳಿ, ವಾಟೆನ್ಸ್ ಎರಡನೇ ದಿನಕ್ಕೆ ಹಾಕಿ. ಅಪ್ಪ-ಅಮ್ಮನನ್ನು ಪ್ಯಾಕೇಜಿನಲ್ಲೇ ಕಳಿಸುವವರು ಅವರ ಕೈಚೀಲದಲ್ಲಿ ಬೈನಾಕ್ಯುಲರ್ ಇಟ್ಟು, ನಡುವಿನ ಎರಡು ಫಲಕ ಯಾವುವೆಂದು ಮೊದಲೇ ಹೇಳಿ ಕಳಿಸಿ. ಡಿಸೆಂಬರ್‌ನಲ್ಲಿ ಹೋಗುವುದಾದರೆ ಮಾಡಿನ ಕೆಳಗೇ ಕ್ರಿಸ್‌ಮಸ್ ಸಂತೆ ಇರುತ್ತದೆ, ಸಂಜೆ ಅದೇ ಉಪ್ಪರಿಗೆಯಲ್ಲಿ ನಿಂತು ಕಹಳೆ ಊದುತ್ತಾರೆ. ಆಗ ಜನಜಂಗುಳಿ, ಕೆತ್ತನೆ ನೋಡುವ ಕೆಲಸ ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಮೊಣಕಾಲು ನೋವಿರುವವರು ಗೋಪುರ ಬಿಟ್ಟು ಆ ಹೊತ್ತನ್ನು ಹೋಫ್‌ಕಿರ್ಖೆಗೆ ಕೊಡಿ, ಮೆಟ್ಟಿಲು ನಿಜವಾಗಿಯೂ ಜಾಸ್ತಿ.