‘ಬ್ಲೂಟೂತ್ 5.3’ ಅನ್ನುವ ಡಬ್ಬಿ ನಂಬಿ ನಾವು ಅಮ್ಮನ ಕಿವಿಯನ್ನು ಅನುಮಾನಿಸಿದೆವು

ಕಂಪ್ಯೂಟರಿಗೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ಸಿಕ್ಕಿಸಿ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳೋಣ ಅಂತ ಯೋಚಿಸುತ್ತಿರುವವರು, ಅದರಲ್ಲೂ ಆನ್‌ಲೈನಿನಲ್ಲಿ ಸಂಗೀತ ಕಲಿಯುವವರು, ಕಲಿಸುವವರು, ದುಡ್ಡು ಕೊಡುವ ಮುಂಚೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗಾದದ್ದು ಬರೀ ಸಾವಿರದ ಚಿಲ್ಲರೆ ರೂಪಾಯಿಯ ನಷ್ಟವಾಗಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಿರಲಿಲ್ಲ.

ಅಮ್ಮನಿಗೆ ಈಗ 68. ಮೈಸೂರಿನಲ್ಲಿ ನಲವತ್ತು ವರ್ಷದಿಂದ ಸಂಗೀತ ಪಾಠ ಹೇಳುತ್ತಿದ್ದಾರೆ. 2020ರಲ್ಲಿ ಮಕ್ಕಳು ಮನೆಗೆ ಬರುವುದು ನಿಂತಾಗ ಪಾಠ ಕಂಪ್ಯೂಟರಿಗೆ ಬಂತು, ಆಮೇಲೆ ಅಲ್ಲೇ ಉಳಿಯಿತು. ಶಿಷ್ಯರಲ್ಲಿ ಅರ್ಧ ಮಂದಿ ಅಮೆರಿಕದಲ್ಲಿರುವ ಕನ್ನಡದ ಮನೆಗಳ ಮಕ್ಕಳು. ಅಮ್ಮ ಕುರ್ಚಿಯಲ್ಲಿ ಕೂತು ಹಾಡುವವರಲ್ಲ. ಕೆಳಗೆ ಚಾಪೆ ಹಾಸಬೇಕು, ತೊಡೆ ತಟ್ಟಿ ತಾಳ ಹಾಕಬೇಕು. ಹಾಗಾಗಿ ಮೇಜಿನಿಂದ ಚಾಪೆಯವರೆಗೆ ಹೆಡ್‌ಫೋನಿನ ವೈರು ನೆಲದ ಮೇಲೆ ಎಳೆದಿರುತ್ತಿತ್ತು. ಒಂದು ಸಂಜೆ ನೀರು ತರಲು ಎದ್ದವರು ಅದಕ್ಕೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದರು. ಗೋಡೆ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಅವತ್ತೇ ಆ ವೈರು ತೆಗೆಯಬೇಕು ಅಂತ ತೀರ್ಮಾನಿಸಿದೆ.

ಹೆಡ್‌ಫೋನಿನ ವಿಷಯದಲ್ಲಿ ಹಣದ ಮುಖ ನೋಡಲಿಲ್ಲ. ಎಲ್‌ಡ್ಯಾಕ್ (ಬ್ಲೂಟೂತಿನಲ್ಲಿ ಒಳ್ಳೆಯ ಗುಣಮಟ್ಟದ ಧ್ವನಿ ಕಳಿಸುವ ಒಂದು ಬಗೆ) ಇರುವ, ಕಿವಿ ಪೂರ್ತಿ ಮುಚ್ಚುವ ಒಳ್ಳೆಯದನ್ನೇ ತಂದೆ. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಬ್ಲೂಟೂತ್ ಇಲ್ಲ. ಅದಕ್ಕೆ ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಯುಎಸ್‌ಬಿ ಡಾಂಗಲ್ ಆನ್‌ಲೈನಿನಲ್ಲಿ ತರಿಸಿದೆ, 1,499 ರೂಪಾಯಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಬ್ಲೂಟೂತ್ 5.3’, ಅದರ ಕೆಳಗೆ ‘ಆಡಿಯೋ ಟ್ರಾನ್ಸ್‌ಮಿಟರ್’, ಪಕ್ಕದಲ್ಲಿ ಚಿನ್ನದ ಬಣ್ಣದಲ್ಲಿ ‘ಹೈ-ರೆಸ್’. ಸಿಕ್ಕಿಸಿದೆ, ಜೋಡಿಯಾಯಿತು. ಹಳೆಯ ಸಂಗೀತ ಕಚೇರಿಯೊಂದರ ರೆಕಾರ್ಡಿಂಗ್ ಹಾಕಿದೆ. ಪರವಾಗಿಲ್ಲ ಅನ್ನಿಸಿತು.

ತೊಂದರೆ ಶುರುವಾದದ್ದು ಭಾನುವಾರದ ಪಾಠದಲ್ಲಿ. ನಮಗೆ ಸಂಜೆ ಆರು, ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಎಂಟೂವರೆ. ಒಂಬತ್ತು ವರ್ಷದ ಹುಡುಗಿ, ಜಂಟಿ ವರಸೆ (ಸ್ವರಗಳನ್ನು ಜೋಡಿಜೋಡಿಯಾಗಿ ಹಾಡುವ ಆರಂಭದ ಪಾಠ) ಕಲಿಯುತ್ತಿದ್ದಾಳೆ. ಅವಳ ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಓಡುತ್ತಿರುತ್ತದೆ. ಅಮ್ಮ ಪದೇ ಪದೇ ನಿಲ್ಲಿಸುತ್ತಿದ್ದರು. “ಶ್ರುತಿ ಸೇರ್ತಿಲ್ಲ ಪುಟ್ಟಿ, ಇನ್ನೊಂದ್ಸಲ.” ಮುಂದಿನ ವಾರವೂ ಅದೇ ವರಸೆ. ಅದರ ಮುಂದಿನ ವಾರವೂ ಅದೇ. ಮೂರನೆಯ ವಾರ ಆ ಮಗು ಅಳುವುದೊಂದು ಬಾಕಿ. ಪಾಠ ಮುಗಿಸಿ ಅಮ್ಮ ಹೆಡ್‌ಫೋನ್ ತೆಗೆದಿಟ್ಟು ಸುಮಾರು ಹೊತ್ತು ಚಾಪೆಯ ಮೇಲೇ ಕೂತಿದ್ದರು. ಆಮೇಲೆ ನನ್ನನ್ನು ಕರೆದು ಹೇಳಿದರು: “ಮಗುಗೇನೂ ಆಗಿಲ್ಲ ಕಣೋ. ನನಗೇ ಕಿವಿ ಹೋಗ್ತಾ ಇದೆ. ತಂಬೂರಿ ನಾದ ಸರಿಯಾಗಿ ಕೇಳ್ತಾನೇ ಇಲ್ಲ. ಇನ್ನು ಪಾಠ ನಿಲ್ಲಿಸಿಬಿಡ್ತೀನಿ.”

ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಣ್ಣ ಗಾಜಿನ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಿ ಅಂದರು. ಹೊರಗಿನಿಂದ ನೋಡುತ್ತಿದ್ದೆ. ಕಣ್ಣು ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ಒಂದು ಶಬ್ದವೂ ತಪ್ಪಬಾರದು ಅನ್ನುವ ಹಾಗೆ ಕೂತಿದ್ದರು. ಡಾಕ್ಟರು ಗ್ರಾಫ್ ತೋರಿಸಿ, ಈ ವಯಸ್ಸಿಗೆ ಇದು ಬಹಳ ಚೆನ್ನಾಗಿದೆ ಅಂದರು. ಅಮ್ಮ ಪೂರ್ತಿ ನಂಬಲಿಲ್ಲ.

ಅವತ್ತು ರಾತ್ರಿ ನಾನು ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊಬೈಲಿಗೆ ಜೋಡಿಸಿ ತಂಬೂರಿ ಹಾಕಿದರೆ ನಾದ ತುಂಬಿ ಬರುತ್ತಿತ್ತು, ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲಿನ ಜೀವದ ದಾರದಿಂದ ಏಳುವ ಆ ಝೇಂಕಾರದ ಸಮೇತ. ಕಂಪ್ಯೂಟರಿಗೆ ಜೋಡಿಸಿದೆ. ಸ್ವಲ್ಪ ಮಂಕು, ಆದರೂ ಕೇಳಬಹುದು. ಹಾಗೇ ಓಡುತ್ತಿರುವಾಗ ಮೀಟಿಂಗ್ ತೆರೆದೆ. ಅರೆಕ್ಷಣ ಮೌನ, ಆಮೇಲೆ ಹಳೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ಕೇಳುವಂತಹ ಗೊರಗೊರ. ಝೇಂಕಾರ ಪೂರ್ತಿ ಮಾಯ. ಅಮ್ಮ ಮೂರು ವಾರ ಕೇಳಿದ್ದು ಇದನ್ನು! ಸ್ವರ ಕೇಳಿಸುತ್ತಿತ್ತು, ಅದು ತಂಬೂರಿಯೊಳಗೆ ಸೇರಿತೋ ಇಲ್ಲವೋ ಹೇಳಲು ಬೇಕಾದದ್ದು ಮಾತ್ರ ಉಳಿದಿರಲಿಲ್ಲ.

ಆಗಿದ್ದೇನು ಅಂತ ಹೇಳುತ್ತೇನೆ, ಯಾಕಂದರೆ ಇದು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಬ್ಲೂಟೂತ್ ಹೆಡ್‌ಫೋನಿಗೆ ಎರಡು ದಾರಿಗಳಿವೆ. ಹಾಡು ಕೇಳುವ ದಾರಿ ಒಂದು, ಸ್ಟೀರಿಯೋ, ಆದರೆ ಅದರಲ್ಲಿ ಮೈಕ್ ಇಲ್ಲ. ಇನ್ನೊಂದು ಫೋನಿನಲ್ಲಿ ಮಾತಾಡುವ ದಾರಿ. ಹೆಡ್‌ಫೋನಿನ ಮೈಕನ್ನು ಯಾವುದಾದರೂ ಆ್ಯಪ್ ಹಿಡಿದುಕೊಂಡ ಕ್ಷಣ ವಿಂಡೋಸ್ ಈ ಎರಡನೆಯ ದಾರಿಗೆ ಬದಲಾಗುತ್ತದೆ. ಅಲ್ಲಿ ಧ್ವನಿ ಮೋನೋ. ಸೆಕೆಂಡಿಗೆ ಧ್ವನಿಯ 8,000 ಸ್ಯಾಂಪಲ್ (ಅಳತೆ), ಹೆಚ್ಚೆಂದರೆ 16,000. ಅಂದರೆ 4,000 ಅಥವಾ 8,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕತ್ತರಿಸಿ ಹೋಗುತ್ತದೆ. ಸಿ.ಡಿ.ಯಲ್ಲಿ ಇದೇ ಸ್ಯಾಂಪಲ್ ಸಂಖ್ಯೆ 44,100. ಮುಂಚೆ ಅಮ್ಮನ ಪಾಠಕ್ಕೆ ವೆಬ್‌ಕ್ಯಾಮಿನ ಮೈಕ್ ಬಳಕೆಯಲ್ಲಿತ್ತು. ಹೊಸ ಹೆಡ್‌ಫೋನ್ ಬಂದ ಮೇಲೆ ಮೀಟಿಂಗ್ ಆ್ಯಪ್ ಯಾರನ್ನೂ ಕೇಳದೆ ಅದರ ಮೈಕಿಗೆ ಬದಲಾಗಿತ್ತು. ಪರಿಹಾರಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ: ಸೆಟ್ಟಿಂಗ್ಸಿನಲ್ಲಿ ಮೈಕ್ ಜಾಗದಲ್ಲಿ ವೆಬ್‌ಕ್ಯಾಮ್ ಆರಿಸಿದೆ. ಮತ್ತೆ ಹಾಗಾಗದಿರಲಿ ಅಂತ ಕಂಟ್ರೋಲ್ ಪ್ಯಾನೆಲಿನ ‘ಡಿವೈಸಸ್ ಅಂಡ್ ಪ್ರಿಂಟರ್ಸ್’ಗೆ ಹೋಗಿ, ಹೆಡ್‌ಫೋನಿನ ಪ್ರಾಪರ್ಟೀಸ್, ಸರ್ವೀಸಸ್ ಒಳಗೆ ‘ಹ್ಯಾಂಡ್ಸ್-ಫ್ರೀ ಟೆಲಿಫೋನಿ’ ಟಿಕ್ ತೆಗೆದೆ. ಎಲ್‌ಇ ಆಡಿಯೋ ಅನ್ನುವ ಹೊಸ ವ್ಯವಸ್ಥೆಯಲ್ಲಿ ಈ ತೊಂದರೆ ಕಡಿಮೆ, ಆದರೆ ಅದಕ್ಕೆ ವಿಂಡೋಸ್, ಡಾಂಗಲ್, ಹೆಡ್‌ಫೋನ್ ಮೂರೂ ಹೊಂದಬೇಕು.

ಇನ್ನೊಂದು ಮಾತು. ಮೀಟಿಂಗ್ ಆ್ಯಪ್‌ಗಳು ಹಿನ್ನೆಲೆಯ ಗದ್ದಲ ತೆಗೆಯುವಾಗ ತಂಬೂರಿಯನ್ನೂ ಫ್ಯಾನಿನ ಸದ್ದಿನ ಹಾಗೆ ತಿಳಿದು ಒರೆಸಿಹಾಕುತ್ತವೆ. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಅಂತ ಇದೆ. ಅದನ್ನು ಹಾಡುವವರ ಕಡೆಯಲ್ಲಿ, ಅಂದರೆ ಮಗುವಿನ ಕಂಪ್ಯೂಟರಿನಲ್ಲೂ ಆನ್ ಮಾಡಿಸಬೇಕು.

ಇಷ್ಟಾದರೂ ಮೊಬೈಲಿನಷ್ಟು ಚೆನ್ನಾಗಿ ಕಂಪ್ಯೂಟರಿನಲ್ಲಿ ಯಾಕೆ ಕೇಳುತ್ತಿಲ್ಲ? ಇಲ್ಲಿ ಬಂತು ಆ ಡಬ್ಬಿಯ ಮೋಸ. ಡಿವೈಸ್ ಮ್ಯಾನೇಜರಿನಲ್ಲಿ ಬ್ಲೂಟೂತ್ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು ‘ಅಡ್ವಾನ್ಸ್‌ಡ್’ ಒತ್ತಿ. ಎಲ್‌ಎಂಪಿ ಅಂತ, ಬ್ಲೂಟೂತಿನ ಆವೃತ್ತಿ ಯಾವುದು ಅಂತ ತಿಳಿಸುವ ಒಂದು ಸಂಖ್ಯೆ ಕಾಣುತ್ತದೆ. ಅದು 12ರಿಂದ ಶುರುವಾದರೆ 5.3, 11 ಆದರೆ 5.2, 9 ಆದರೆ 5.0, 6 ಆದರೆ 4.0. ನಮ್ಮದರಲ್ಲಿ 9 ಇತ್ತು. ಅಂದರೆ ಡಬ್ಬಿಯ ಮೇಲೆ ಅಚ್ಚು ಹಾಕಿದ್ದೇ ಸುಳ್ಳು. ನಿಜವಾಗಿ 5.3 ಆಗಿದ್ದರೂ ಹಾಡಿನ ಗುಣಮಟ್ಟ ಅದರಿಂದ ಹೆಚ್ಚುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅದನ್ನು ನಿರ್ಧರಿಸುವುದು ಕೋಡೆಕ್, ಅಂದರೆ ಧ್ವನಿಯನ್ನು ಅದುಮಿ ಕಳಿಸುವ ಬಗೆ. ಕಳಿಸುವ ಕಡೆಗೂ ಕೇಳುವ ಕಡೆಗೂ ಒಂದೇ ಕೋಡೆಕ್ ಗೊತ್ತಿರಬೇಕು. ಇಲ್ಲದಿದ್ದರೆ ಎಲ್ಲದರಲ್ಲೂ ಕಡ್ಡಾಯವಾಗಿ ಇರುವ ಎಸ್‌ಬಿಸಿಗೆ ಇಳಿಯುತ್ತದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ. ಸೋನಿ ರೂಪಿಸಿದ ಎಲ್‌ಡ್ಯಾಕ್ 990ರವರೆಗೆ ಹೋಗುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ ಎಲ್‌ಡ್ಯಾಕ್ 2017ರಲ್ಲಿ, ಆಂಡ್ರಾಯ್ಡ್ 8ರ ಜೊತೆ ಬಂತು. ವಿಂಡೋಸಿನಲ್ಲಿ ಅದು ಇಲ್ಲ. ವಿಂಡೋಸ್ 10ಕ್ಕೆ ಎಸ್‌ಬಿಸಿ, ಆಪ್ಟ್‌ಎಕ್ಸ್ ಅನ್ನುವ ಕೋಡೆಕ್‌ಗಳು ಗೊತ್ತು. 11ಕ್ಕೆ ಎಎಸಿ ಅನ್ನುವ ಕೋಡೆಕ್ ಸೇರಿತು. ನಮ್ಮದು ವಿಂಡೋಸ್ 10, ಹೆಡ್‌ಫೋನಿನಲ್ಲಿ ಆಪ್ಟ್‌ಎಕ್ಸ್ ಇಲ್ಲ. ದುಬಾರಿ ಹೆಡ್‌ಫೋನ್ ತಂದು ಅದಕ್ಕೆ ಎಸ್‌ಬಿಸಿ ಕುಡಿಸುತ್ತಿದ್ದೆವು.

ಅಸಲಿಗೆ ನಾನು ಕೊಂಡದ್ದು ಟ್ರಾನ್ಸ್‌ಮಿಟರೇ ಅಲ್ಲ, ಮೌಸು ಕೀಬೋರ್ಡು ಜೋಡಿಸುವ ಸಾಧಾರಣ ಅಡಾಪ್ಟರ್. ಧ್ವನಿ ಅದುಮುವ ಕೆಲಸವನ್ನು ಅದು ವಿಂಡೋಸಿಗೇ ಬಿಡುತ್ತದೆ. ನಿಜವಾದ ಆಡಿಯೋ ಟ್ರಾನ್ಸ್‌ಮಿಟರ್ ಕಂಪ್ಯೂಟರಿಗೆ ಒಂದು ಸೌಂಡ್ ಕಾರ್ಡ್ ಆಗಿ ಕಾಣುತ್ತದೆ. ಕೋಡೆಕ್ ಕೆಲಸ ಅದರ ಹೊಟ್ಟೆಯೊಳಗೇ ನಡೆಯುತ್ತದೆ. ಹೆಡ್‌ಫೋನ್ ಜೋಡಿಸಲು ಅದರಲ್ಲೇ ಒಂದು ಗುಂಡಿ ಇರುತ್ತದೆ, ವಿಂಡೋಸಿನ ಬ್ಲೂಟೂತ್ ಪುಟ ತೆರೆಯುವ ಅಗತ್ಯವೇ ಇಲ್ಲ. ಕೊಳ್ಳುವ ಮುಂಚೆ ಫೋಟೋದಲ್ಲಿ ಆ ಗುಂಡಿ ಹುಡುಕಿ, ಕೋಡೆಕ್‌ಗಳ ಹೆಸರು ಬರೆದಿದ್ದಾರಾ ನೋಡಿ, ಅವುಗಳಲ್ಲಿ ಒಂದಾದರೂ ನಿಮ್ಮ ಹೆಡ್‌ಫೋನಿನಲ್ಲಿದೆಯಾ ನೋಡಿ. ‘ಹೈ-ರೆಸ್’ ಅಂತ ಮಾತ್ರ ಬರೆದು ಕೋಡೆಕ್ ಹೆಸರು ಹೇಳದವರಿಂದ ಕೊಳ್ಳಲೇಬೇಡಿ. ಡಾಂಗಲನ್ನು ಸಿಪಿಯು ಹಿಂಭಾಗದ ನೀಲಿ ಯುಎಸ್‌ಬಿ 3.0 ಪೋರ್ಟಿಗೆ ಹಾಕಲೂ ಬೇಡಿ. ಆ ಪೋರ್ಟುಗಳು ಬ್ಲೂಟೂತ್ ಓಡಾಡುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಎಬ್ಬಿಸುತ್ತವೆ ಅಂತ ಇಂಟೆಲ್ ಕಂಪನಿ 2012ರಲ್ಲೇ ತೋರಿಸಿದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರಿನಲ್ಲಿ ಮೇಜಿನ ಮೇಲಕ್ಕೆ ತಂದರೆ ನಡುನಡುವೆ ಕಡಿಯುವುದು ಎಷ್ಟೋ ಕಡಿಮೆಯಾಗುತ್ತದೆ.

ಮಾರಿದವರಿಗೆ ಬರೆದೆ. “ಸರ್, ಹಾಡು ಬರ್ತಿದೆಯಲ್ಲ, ವಸ್ತು ಸರಿಯಾಗೇ ಇದೆ” ಅಂದರು. ಏಳು ದಿನದ ವಾಪಸಾತಿ ಅವಧಿ ಮುಗಿದಿತ್ತು. ಆಮೇಲೆ ವಾಟ್ಸಾಪಿನಲ್ಲಿ ಒಬ್ಬರು, ಡ್ರೈವರ್ (ಡಾಂಗಲ್ ನಡೆಸುವ ತಂತ್ರಾಂಶ) ನಾವೇ ಹಾಕಿಕೊಡ್ತೀವಿ, ಈ ಆ್ಯಪ್ ಹಾಕಿಕೊಂಡು ನಂಬರ್ ಹೇಳಿ ಅಂದರು. ನಮ್ಮ ಕಂಪ್ಯೂಟರನ್ನು ದೂರದಿಂದ ನಡೆಸುವ ಆ್ಯಪ್ ಅದು. ಅಮ್ಮನ ಬ್ಯಾಂಕಿನ ವ್ಯವಹಾರ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆಗಲ್ಲ ಅಂದೆ. ನೀವೂ ಒಪ್ಪಬೇಡಿ. ವಿಂಡೋಸ್ 10, 11ರಲ್ಲಿ ಬ್ಲೂಟೂತ್ ಅಡಾಪ್ಟರಿಗೆ ಬೇಕಾದ ಡ್ರೈವರ್ ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ.

ಡಬ್ಬಿ ತಿರುಗಿಸಿ ನೋಡಿದರೆ ಆಮದು ಮಾಡಿದವರ ಹೆಸರು, ವಿಳಾಸ ಇಲ್ಲ, ಯಾವ ದೇಶದಲ್ಲಿ ಮಾಡಿದ್ದು ಅಂತಲೂ ಇಲ್ಲ. ಪೊಟ್ಟಣದ ಸರಕುಗಳ 2011ರ ನಿಯಮದ ಪ್ರಕಾರ ಅವು ಇರಲೇಬೇಕು. ಡಬ್ಬಿಯ ಫೋಟೋ, ಎಲ್‌ಎಂಪಿ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟು ಆ ಆನ್‌ಲೈನ್ ಅಂಗಡಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಜೊತೆಗೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಟ್ಟೆ. ಹನ್ನೊಂದನೆಯ ದಿನ ಹಣ ವಾಪಸ್ ಬಂತು.

ಈಗ ಎಲ್‌ಡ್ಯಾಕ್ ಇರುವ ನಿಜವಾದ ಟ್ರಾನ್ಸ್‌ಮಿಟರ್ ಇದೆ. ನಿಮ್ಮದನ್ನು ತಂದ ದಿನವೇ, ವಾಪಸಾತಿ ಅವಧಿ ಮುಗಿಯುವ ಮುಂಚೆ, ನಾನು ಆ ರಾತ್ರಿ ಮಾಡಿದ ಹಾಗೆ ಮಾಡಿ: ತಂಬೂರಿ ಹಾಕಿ, ಅದು ಓಡುತ್ತಿರುವಾಗಲೇ ಮೀಟಿಂಗ್ ತೆರೆಯಿರಿ. ಒಂದು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ.

ಆ ರಾತ್ರಿ ಕಳೆದ ಮುಂದಿನ ಭಾನುವಾರ ಅಮ್ಮ ಪಾಠ ಶುರು ಮಾಡುವ ಮುಂಚೆ ಆ ಹುಡುಗಿಯ ತಾಯಿಯನ್ನೂ ಪರದೆಯ ಮುಂದೆ ಕರೆದರು. “ಮೂರು ವಾರ ನಿಮ್ಮ ಮಗಳು ಸರಿಯಾಗೇ ಹಾಡಿದ್ಲು ಕಣಮ್ಮ, ನನಗೆ ಸರಿಯಾಗಿ ಕೇಳಿಸ್ತಿರಲಿಲ್ಲ” ಅಂದರು. ಆಮೇಲೆ ಮಗುವಿನ ಕಡೆ ತಿರುಗಿ ಮುಂದಿನ ವರಸೆ ಹೇಳಿಕೊಟ್ಟರು.